ಬರ್ತೀವಿ ಅಂದದ್ದು

ಟೀವಿ ನೋಡುವವರಿಗೆ ನನ್ನ ಭಾವನ ಗುರುತು ಎರಡು. ಒಂದು ಕಪ್ಪು ಕನ್ನಡಕ, ಇನ್ನೊಂದು ‘ನಾವು’ ಎಂಬ ಮಾತು.

ಭಾವ ಎಂದರೆ ನನ್ನ ಗಂಡನ ಅಣ್ಣ. ಫುಟ್‌ಬಾಲ್ ಆಟಗಾರರ ಏಜೆಂಟ್. ಯಾರು ಯಾವ ಕ್ಲಬ್ಬಿಗೆ, ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಆಡಬೇಕು ಎಂದು ಮಾತಾಡಿ ಮುಗಿಸುವುದು ಅವರ ಕಸುಬು. ಆ ಮಾತೆಲ್ಲ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಹೆಸರು ಬಂದದ್ದು ಮಾತ್ರ ಟೀವಿಯಿಂದ.

ಸ್ಟುಡಿಯೊದ ದೀಪ ಬಿದ್ದರೆ ಅವರ ಕಣ್ಣಲ್ಲಿ ನೀರು ಸುರಿಯುತ್ತದೆ. ಮೊದಲ ಸಲ ಕ್ಯಾಮೆರಾ ಮುಂದೆ ಕೂತಾಗ ‘ಆಟಗಾರನನ್ನು ಬಿಟ್ಟುಕೊಟ್ಟು ಕಣ್ಣೀರಿಟ್ಟ ಏಜೆಂಟ್’ ಎಂದು ಪರದೆಯ ಕೆಳಗೆ ಅಕ್ಷರಗಳು ಓಡಿದವು. ನಮ್ಮ ಆಫೀಸಿರುವುದು ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮರುದಿನವೇ ಕೆಳಗಿಳಿದು ಕಪ್ಪು ಕನ್ನಡಕ ಕೊಂಡರು. ಆಮೇಲೆ ಜನ ಅವರನ್ನು ಗುಳ್ಳೆನರಿ ಎಂದು ಕರೆಯತೊಡಗಿದರು. ‘ಅಳುಮುಂಜಿಗಿಂತ ಗುಳ್ಳೆನರಿ ವಾಸಿ, ಹಾಗೇ ಇರಲಿ’ ಎಂದವನು ನನ್ನ ಗಂಡ. ಅಣ್ಣನ ಟೀವಿ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನೇ.

ಅವನು ತೀರಿಕೊಂಡ ಮೇಲೆ ಆ ಕುರ್ಚಿಗೆ ನಾನು ಬಂದೆ. ನಾನು ಓದಿದ್ದು ಭಾಷಾಶಾಸ್ತ್ರ. ಗುಳ್ಳೆನರಿಯ ಹೇಳಿಕೆ ಬರೆಯಲು ಅಷ್ಟು ಓದು ಬೇಕಿರಲಿಲ್ಲ. ಕರೆದದ್ದು ಅಕ್ಕ, ಭಾವನ ಹೆಂಡತಿ.

“ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಇವರ ಮುಖ ನೋಡೋದು ವಾಸಿ ಕಣೇ. ಜಾಸ್ತಿ ಏನಿಲ್ಲ, ಸ್ವಲ್ಪ ವಾಸಿ.”

ಬಂದು ಕೂತೆ. ಕೆಲಸ ಮಾಡಿದೆ. ಸಂಜೆ ಯಾರಿಗೂ ಏನೂ ಹೇಳದೆ ಎದ್ದು ಹೋಗುತ್ತಿದ್ದೆ. ಮೊದಮೊದಲು ಅಕ್ಕ ತಮ್ಮ ಮೇಜಿನಿಂದ ತಲೆ ಎತ್ತಿ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು.

ಇನ್ನು ‘ನಾವು’. ಭಾವನ ಆಟಗಾರ ಗೋಲು ಹೊಡೆದರೆ “ನಾವು ಹೊಡೆದ್ವಿ.” ಆಟಗಾರ್ತಿಯ ಮಂಡಿ ಊದಿಕೊಂಡರೆ “ನಮ್ಮ ಮಂಡಿ ಸ್ವಲ್ಪ ಊದಿದೆ.” ಇದನ್ನು ಜನ ಅನುಕರಿಸಿ ನಗುತ್ತಿದ್ದರು.

“ಒಬ್ಬರೇ ಸ್ನಾನಕ್ಕೆ ಹೊರಟಾಗಲೂ ‘ನಾವು ಸ್ನಾನ ಮುಗಿಸಿ ಬರ್ತೀವಿ’ ಅಂತಾರೆ,” ಎಂದರು ಒಮ್ಮೆ ಅಕ್ಕ. “ಇನ್ಯಾರನ್ನ ಕರ್ಕೊಂಡು ಹೋಗ್ತಿದೀರಿ ಅಂತ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದೀನಿ.”

“ನಮಗೆ ಬಾಯಿಗೆ ಬಂದುಬಿಟ್ಟಿದೆ, ಏನು ಮಾಡೋಣ,” ಎಂದರು ಭಾವ.

“ನೋಡು, ಮತ್ತೆ!”

ಆ ವರ್ಷ ಭಾವನ ಕೈಯಲ್ಲಿದ್ದ ಆಟಗಾರರಲ್ಲಿ ದೊಡ್ಡ ಹೆಸರು ಒಬ್ಬ ಗೋಲ್‌ಕೀಪರ್ ಹುಡುಗಿಯದು. ಎಲ್ಲರೂ ಅವಳನ್ನು ಕರೆಯುವುದು ಚಿಲಕ ಎಂದು. ಅವಳು ನಿಂತರೆ ಬಾಗಿಲು ಹಾಕಿದಂತೆ. ಸಣ್ಣವಳಿದ್ದಾಗಿನಿಂದ ಒಂದೇ ಕ್ಲಬ್ಬಿಗೆ ಆಡುತ್ತಿದ್ದಳು. ಮಂಡಿಯ ಆಪರೇಷನ್ ಆದಾಗ ಇಡೀ ಸೀಸನ್ ಆ ಕ್ಲಬ್ಬು ಅವಳನ್ನು ಕೈಬಿಡದೆ ಇಟ್ಟುಕೊಂಡಿತ್ತು. ಮೈದಾನದ ಹಿಂದಿನ ಬೀದಿಯಲ್ಲೇ ಅವಳ ತಾಯಿಯ ಮನೆ. ಅಡುಗೆಮನೆ ಕಿಟಕಿಯಿಂದ ಒಂದು ಗೋಲುಗಂಬ ಕಾಣುತ್ತದೆ. “ಇನ್ನೊಂದು ಗೋಲಿಗೆ ನಿಂತಾಗ ಅಮ್ಮನಿಗೆ ನಾನು ಕಾಣಲ್ಲ, ಅದಕ್ಕೇ ಆ ಕಡೆ ನಿಂತಾಗಲೇ ತಪ್ಪು ಮಾಡ್ತೀನಿ,” ಎನ್ನುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ, ಅಲ್ಲೇ ಇರುವುದು. ಭಾವ ಮಾತಾಡಿ ಮುಗಿಸಿದ್ದರು. ಮೂರು ವರ್ಷದ ಹೊಸ ಒಪ್ಪಂದಕ್ಕೆ ಅವಳೂ ಕ್ಲಬ್ಬಿನ ಅಧ್ಯಕ್ಷರೂ ಸಹಿ ಹಾಕುವುದಷ್ಟೇ ಬಾಕಿ.

ಆಗ ಭಾವ ಇನ್ನೊಂದು ಕ್ಲಬ್ಬಿಗೆ ಹೋದರು. ಚಿಲಕಳ ಕ್ಲಬ್ಬಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಭಾವ ಹೋದದ್ದು ಅಲ್ಲಿ ಆಡುವ ಬೇರೊಬ್ಬ ಹುಡುಗಿಯ ಕೆಲಸಕ್ಕೆ. ವಾಪಸ್ ಹೊರಡುವಾಗ ಗೇಟಿನ ಕಾವಲುಗಾರ ಸೆಲ್ಯೂಟ್ ಹೊಡೆದ. ಭಾವ ಕೈ ಎತ್ತಿದರು. ಅದೇ ಗಳಿಗೆಗೆ ಮೈಕು ಹಿಡಿದಿದ್ದ ಒಬ್ಬ ವರದಿಗಾರ್ತಿ ಕಂಬದ ಹಿಂದಿನಿಂದ ಬಂದು ಕೇಳಿದಳು:

“ಸಾರ್, ಮುಂದಿನ ಸೀಸನ್‌ಗೆ ಚಿಲಕ ಇಲ್ಲಿಗೆ ಬರ್ತಾರಾ?”

ಭಾವನ ಕಿವಿಯಲ್ಲಿ ಫೋನಿತ್ತು. ಕಣ್ಣು ಕಾವಲುಗಾರನ ಮೇಲಿತ್ತು.

“ಬರ್ತೀವಿ, ಬರ್ತೀವಿ,” ಎಂದು ನಗುತ್ತ ಕಾರು ಹತ್ತಿದರು.

ಹೊರಡುವವನು ಹೇಳುವ ಮಾತು ಅದು. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ನಡೆಯಲು ಕಲಿಯುವ ಮೊದಲೇ ನಮಗೆ ಹೇಳಿಕೊಟ್ಟಿರುತ್ತಾರೆ. ಆದರೆ ಟೀವಿಯಲ್ಲಿ ಕಾವಲುಗಾರ ಕಾಣಲಿಲ್ಲ. ಪ್ರಶ್ನೆ ಕೇಳಿಸಿತು, ಉತ್ತರ ಕೇಳಿಸಿತು. ಉತ್ತರದಲ್ಲಿ ‘ನಾವು’ ಬೇರೆ ಇತ್ತು. ಭಾವನ ‘ನಾವು’ ಎಂದರೆ ಆಟಗಾರರು ಎಂಬುದು ಎಲ್ಲರಿಗೂ ಗೊತ್ತು. ಯಾರೋ ಆ ಎರಡು ಮಾತಿಗೆ ಡೋಲು ಬಡಿತ ಸೇರಿಸಿದರು. ಸಂಜೆಯೊಳಗೆ ನಮ್ಮ ಬೀದಿಯ ಮಕ್ಕಳು ಅದನ್ನು ಹೇಳಿಕೊಂಡು ಕುಂಟಾಬಿಲ್ಲೆ ಆಡುತ್ತಿದ್ದರು.

ಚಿಲಕ ಫೋನ್ ಮಾಡಿದಳು.

“ಅಣ್ಣಾ, ನಾನು ಎಲ್ಲಿಗೆ ಬರ್ತೀನಂತೆ?”

“ಎಲ್ಲಿಗೂ ಇಲ್ಲ ತಾಯಿ. ನಾವು ಹೊರಡ್ತಾ ಇದ್ವಿ ಅಷ್ಟೇ.”

“ನಾವಾ? ನಾನು ಮನೇಲಿ ಬಟ್ಟೆ ಒಣಗಿಸ್ತಿದ್ದೆ.”

ಅವಳು ನಗಲಿಲ್ಲ. ಅಧ್ಯಕ್ಷರು ಅವಳ ಫೋನ್ ಎತ್ತುತ್ತಿರಲಿಲ್ಲ. ಅವರು ಬೇರೊಬ್ಬ ಕೀಪರನ್ನು ವಿಚಾರಿಸುತ್ತಿದ್ದಾರೆ, ನಾಳೆ ಸಂಜೆಯ ಸಭೆಯಲ್ಲಿ ಅವಳಿಗೆ ಹೂಂ ಅಂದುಬಿಡುತ್ತಾರೆ ಎಂಬ ಸುದ್ದಿ ಕೋಚ್ ಮೂಲಕ ಬಂತು. ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಷ್ಟೋ ಕಾಲದ ಮೇಲೆ ಅವರ ಕಣ್ಣು ನೋಡಿದೆ. ನನ್ನ ಗಂಡನ ಕಣ್ಣೇ.

“ಬೆಳಿಗ್ಗೆ ಟೀವಿಗೆ ಹೋಗಿ ಸರಿಮಾಡಿಬಿಡೋಣ,” ಎಂದೆ.

“ಮಾತು ಆಡಿದ್ರೆ ಹೋಯ್ತು,” ಎಂದರು ಅಕ್ಕ. “ಇವರು ಇನ್ನಷ್ಟು ಆಡಿದ್ರೆ ಇನ್ನಷ್ಟು ಹೋಗುತ್ತೆ.”

ಬೆಳಿಗ್ಗೆ ಕಾರಿನಲ್ಲಿ ಪಾಠ ಹೇಳಿದೆ. “ಒಂದೇ ವಾಕ್ಯ ಭಾವ. ‘ಅವಳು ಈಗಿರೋ ಕ್ಲಬ್ಬಲ್ಲೇ ಇರ್ತಾಳೆ.’ ನಾವು ಅನ್ನಬೇಡಿ. ಬರ್ತೀವಿ ಅಂತೂ ಅನ್ನಲೇಬೇಡಿ.”

“ಅವಳು ಈಗಿರೋ ಕ್ಲಬ್ಬಲ್ಲೇ ಇರ್ತಾಳೆ. ಅವಳು ಈಗಿರೋ ಕ್ಲಬ್ಬಲ್ಲೇ ಇರ್ತಾಳೆ.” ಪರೀಕ್ಷೆಗೆ ಹೊರಟ ಹುಡುಗನ ಹಾಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು.

ಸ್ಟುಡಿಯೊದಲ್ಲಿ ಆ ವಾಕ್ಯವನ್ನು ಚೆನ್ನಾಗಿಯೇ ಹೇಳಿದರು. ನಾನು ಕ್ಯಾಮೆರಾ ಹಿಂದೆ, ನನ್ನ ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ನಿರೂಪಕ ಮುಗುಳ್ನಕ್ಕ.

“ಸಾರ್, ಹೋದ ವರ್ಷ ಇದೇ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ವಿಷಯದಲ್ಲೂ ಹೀಗೇ ಅಂದಿದ್ರಿ. ವಾರದೊಳಗೆ ಅವರು ಬೇರೆ ಕ್ಲಬ್ಬಿನ ಬಟ್ಟೆ ಹಾಕ್ಕೊಂಡು ಓಡ್ತಿದ್ರು.”

“ಅದು ಬೇರೆ ವಿಷಯ.”

“ಅವತ್ತಿಂದು ಸುಳ್ಳು, ಇವತ್ತಿಂದು ನಿಜ ಅಂತ ಇಟ್ಕೊಳ್ಳೋಣ್ವಾ?”

ಭಾವ ಸುಮ್ಮನಾದರು. ಅವರು ಸುಮ್ಮನಿದ್ದರೆ ಜನ ಅದನ್ನೂ ಲೆಕ್ಕಾಚಾರ ಎನ್ನುತ್ತಾರೆ. ಕಪ್ಪು ಕನ್ನಡಕದ ಹಿಂದೆ ಕಣ್ಣು ತುಂಬಿದ್ದು ನನಗೊಬ್ಬಳಿಗೇ ಗೊತ್ತಿತ್ತು. ಅದೂ ದೀಪದಿಂದಲೋ ಏನೋ.

ಸಮಯ ಮುಗಿಯಿತು. ನಿರೂಪಕ ಧನ್ಯವಾದ ಹೇಳಿದ. ಭಾವ ಅರ್ಧ ಎದ್ದರು. ಕೈ ಮೇಲೆ ಹೋಯಿತು. ಬಾಯಿ ‘ಬ’ ಎಂದು ತೆರೆಯಿತು. ತಟ್ಟನೆ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ, ಬೇಡ ಎಂದು. ಅವರು ಆ ಮಾತನ್ನು ನುಂಗಿಕೊಂಡರು. ಖಾಲಿ ಬಾಯಲ್ಲಿ ಹೊರಡಲು ಆಗಲಿಲ್ಲವೆಂದು ಕಾಣುತ್ತದೆ.

“ಹೋಗ್ತೀವಿ,” ಎಂದರು.

ನಿರೂಪಕನ ಮುಖ ಅರಳಿತು. “ಎಲ್ಲಿಗೆ ಸಾರ್?”

ನಾವು ಲಿಫ್ಟಿನಿಂದ ಇಳಿಯುವಷ್ಟರಲ್ಲಿ ಕೆಳಗಿನ ಹಾಲಿನ ಟೀವಿಯಲ್ಲಿ ಬರುತ್ತಿತ್ತು. ‘ಹೋಗ್ತೀವಿ: ಕೊನೆಗೂ ಬಾಯಿಬಿಟ್ಟ ಗುಳ್ಳೆನರಿ.’ ಭಾವ ನೋಡಿದರು. ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದರು.

“ಆ ಹುಡುಗಿ ಮನೆ ಹೋಯ್ತಮ್ಮಾ ನನ್ನ ಬಾಯಿಂದ.”

ಅವರು ‘ನನ್ನ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಉಳಿದ ದಾರಿ ಒಂದೇ, ಅಧ್ಯಕ್ಷರನ್ನು ನೇರ ಕಾಣುವುದು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಕ್ಲಬ್ಬು ಅವರಿಗೆ ಸಂಜೆಯ ಕೆಲಸ. ಹಗಲು ಸಿಗುವುದು ಅವರ ಕ್ಲಿನಿಕ್ಕಿನಲ್ಲಿ. ಚಿಲಕಳಿಗೆ ಹೇಳಿದೆವು. ಅವಳು ಸೈಕಲ್ಲಿನಲ್ಲಿ ನಮಗಿಂತ ಮೊದಲೇ ಬಂದು, ಮೀನಿನ ತೊಟ್ಟಿಯ ಪಕ್ಕದ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಅಷ್ಟು ಎತ್ತರದವಳು ಆ ಸಣ್ಣ ಬೆಂಚಿನಲ್ಲಿ ಮಡಚಿಟ್ಟ ಏಣಿಯಂತೆ ಕಂಡಳು.

ಎದುರಿಗೆ ಬಾಯಿತುಂಬ ಹತ್ತಿ ಇಟ್ಟುಕೊಂಡ ಒಬ್ಬ ಮುದುಕರು. ಭಾವನನ್ನು ಎವೆಯಿಕ್ಕದೆ ನೋಡಿದರು. ಹತ್ತಿಯನ್ನು ಕೆನ್ನೆಗೆ ಸರಿಸಿಕೊಂಡು, “ಬತ್ತೀವಿ, ಬತ್ತೀವಿ, ನೀವೇ ಅಲ್ವಾ?” ಎಂದರು.

“ನಾವೇ,” ಎಂದರು ಭಾವ.

ಒಳಗಿನಿಂದ ಒಬ್ಬ ಹೆಂಗಸು ಕೆನ್ನೆ ಹಿಡಿದುಕೊಂಡು ಹೊರಬಂದಳು. “ಬರ್ತೀನಿ ಡಾಕ್ಟ್ರೇ,” ಎಂದು ಬಾಗಿಲು ಎಳೆದುಕೊಂಡು, ಮೆಟ್ಟಿಲಲ್ಲಿ ಹೆಚ್ಚುಕಡಿಮೆ ಓಡಿದಳು. ನಮ್ಮನ್ನು ಒಳಗೆ ಕರೆದರು.

ಒಳಗೆ ಒಂದು ಸ್ಟೂಲಿತ್ತು, ಅದರ ಮೇಲೆ ಡಾಕ್ಟರು ಕೂತಿದ್ದರು. ಮಾಸ್ಕು ತೆಗೆಯಲಿಲ್ಲ. ರೋಗಿಗಳ ದೊಡ್ಡ ಕುರ್ಚಿಯನ್ನು ಭಾವನಿಗೆ ತೋರಿಸಿದರು.

“ಅಲ್ಲಿ ಕೂತ್ಕೊಳ್ಳಿ. ಬೇರೆ ಜಾಗ ಇಲ್ಲ.”

ಭಾವ ಕೂತರು. ಕುರ್ಚಿ ತಾನಾಗಿಯೇ ಹಿಂದಕ್ಕೆ ವಾಲಿತು. ತಲೆಯ ಮೇಲಿನ ದೀಪ ಹೊತ್ತಿತ್ತು.

“ಕನ್ನಡಕ ತೆಗೀರಿ. ನನ್ನ ಕುರ್ಚೀಲಿ ಯಾರೂ ಕಪ್ಪು ಕನ್ನಡಕ ಹಾಕ್ಕೊಂಡು ಕೂರಲ್ಲ.”

ತೆಗೆದರು. ನೀರು ಸುರಿಯತೊಡಗಿತು.

“ಅಳಬೇಡಿ. ಇಲ್ಲಿ ಕ್ಯಾಮೆರಾ ಇಲ್ಲ.”

“ಅಳ್ತಾ ಇಲ್ಲ ಡಾಕ್ಟ್ರೇ. ದೀಪ.”

“ಎಲ್ಲದಕ್ಕೂ ಒಂದು ಉತ್ತರ ಇಟ್ಟಿರ್ತೀರಪ್ಪಾ,” ಎಂದರು ಡಾಕ್ಟರು. “ನಾನು ಕಮಿಟಿ ಮುಂದೆ ಎದೆ ತಟ್ಟಿ ಹೇಳಿದ್ದೆ, ಚಿಲಕ ನಮ್ಮವಳು, ಎಲ್ಲೂ ಹೋಗಲ್ಲ ಅಂತ. ನಿನ್ನೆ ಆ ಕಮಿಟಿಯವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಡೋಲು ಬಾರಿಸಿದ್ರು ನನ್ನ ಕಿವೀಲಿ.”

“ಡಾಕ್ಟ್ರೇ, ನಾನು ನಿಜವಾಗ್ಲೂ ಎಲ್ಲೂ ಹೋಗಲ್ಲ,” ಎಂದಳು ಚಿಲಕ.

“ನಿನ್ನ ಮೇಲೆ ಸಿಟ್ಟಿಲ್ಲಮ್ಮಾ. ನೀನು ಹೋಗಲ್ಲ. ನಿನ್ನನ್ನ ಸಾಗಿಸ್ತಾರೆ. ನಿನಗೂ ಕೊನೇಲೇ ಗೊತ್ತಾಗುತ್ತೆ. ಅಷ್ಟರಲ್ಲಿ ಬೇರೆ ಕೀಪರೂ ಕೈತಪ್ಪಿರ್ತಾಳೆ, ನಾನು ಖಾಲಿ ಗೋಲು ನೋಡ್ಕೊಂಡು ಕೂತಿರ್ಬೇಕು.”

ನಾನು ಮಾತಾಡಿದೆ. “ಅದು ಹೊರಡುವಾಗ ಹೇಳೋ ಮಾತು ಡಾಕ್ಟ್ರೇ. ಗೇಟಲ್ಲಿದ್ದ ಕಾವಲುಗಾರನಿಗೆ ಹೇಳಿದ್ದು. ಅದರಲ್ಲಿ ಬರೋ ಅರ್ಥವೇ ಇಲ್ಲ.”

“ಗೊತ್ತಮ್ಮಾ, ನನಗೂ ಮಾತು ಬರುತ್ತೆ.” ಸಿಟ್ಟಿಲ್ಲದೆ ಹೇಳಿದರು, ಅದು ಇನ್ನೂ ಕಷ್ಟವಾಯಿತು. “ಬೇರೆಯವರು ಅಂದಿದ್ರೆ ಹಾಗೇ ಅಂದ್ಕೊಳ್ತಿದ್ದೆ. ಆದರೆ ಈ ಮನುಷ್ಯ ಬಾಯಿತಪ್ಪಿ ಒಂದು ಮಾತೂ ಆಡಲ್ಲ. ಎಷ್ಟು ವರ್ಷದಿಂದ ನೋಡ್ತಿಲ್ಲ ಟೀವೀಲಿ? ಕೆಮ್ಮಿದ್ರೂ ಅದಕ್ಕೊಂದು ಲೆಕ್ಕ ಇರುತ್ತೆ.”

ಆ ಮನುಷ್ಯನನ್ನು ಮಾಡಿದ್ದು ನಾವೇ. ಕನ್ನಡಕ ಇರಲಿ ಎಂದು, ಹೇಳಿಕೆ ಬರೆದು, ಜಾಗ ನೋಡಿ ನಿಲ್ಲಿಸಿ. ಮೊದಲು ನನ್ನ ಗಂಡ, ಆಮೇಲೆ ನಾನು.

ಅವನ ಯೋಚನೆಯೂ ಬಂತು, ಆ ಔಷಧಿ ವಾಸನೆಯ ಕೋಣೆಯಲ್ಲಿ. ಕೊನೆಯ ಬೆಳಿಗ್ಗೆ ಅವನು ಹೆಲ್ಮೆಟ್ ಸಿಕ್ಕಿಸಿಕೊಳ್ಳುತ್ತ ಬಾಗಿಲಲ್ಲಿ “ಬರ್ತೀನಿ” ಅಂದಿದ್ದ. ಅದನ್ನು ನಾನು ಮಾತು ಕೊಟ್ಟದ್ದೆಂದು ಹಿಡಿದುಕೊಂಡು ಕೂತಿದ್ದೆ. ಅಂದಿನಿಂದ ನಾನು ಯಾರಿಗೂ ಆ ಮಾತು ಹೇಳಿರಲಿಲ್ಲ. ಈಗ ಬೇರೆಯವರ ಮುಂದೆ ನಿಂತು ಅದರಲ್ಲಿ ಬರುವ ಅರ್ಥವೇ ಇಲ್ಲ ಎಂದು ಸಲೀಸಾಗಿ ಹೇಳಿದ್ದೆ.

“ಆಯ್ತು,” ಎಂದು ಡಾಕ್ಟರು ಕೈಗವಸು ಎಳೆದುಕೊಂಡರು. “ಹೊರಗೆ ಜನ ಕಾಯ್ತಿದಾರೆ. ಸಂಜೆ ಸಭೇಲಿ ಏನು ಹೇಳಬೇಕೋ ಹೇಳ್ತೀನಿ. ನೀವಿನ್ನು ಏಳಬಹುದು.”

ಭಾವ ಆ ವಾಲಿದ ಕುರ್ಚಿಯಿಂದ ಏಳಲು ಹೆಣಗಿದರು. ಚಿಲಕ ಕೈಕೊಟ್ಟು ಎಬ್ಬಿಸಿದಳು. ಅವಳ ಮುಖ ಗೋಲು ಬಿಟ್ಟುಕೊಟ್ಟಾಗಿನ ಮುಖ. ಕನ್ನಡಕ ಎಲ್ಲಿಟ್ಟೆನೆಂದು ಭಾವ ತಡಕಾಡಿದರು. ಸಿಗಲಿಲ್ಲ. ಅದನ್ನೂ ಬಿಟ್ಟು, ಒದ್ದೆ ಮುಖದಲ್ಲೇ ಬಾಗಿಲ ತನಕ ನಡೆದರು. ಹಿಡಿಕೆ ಹಿಡಿದರು. ಅವರ ಕೈ ಮೇಲೆದ್ದಿತು.

“ಬರ್ತೀವಿ ಡಾಕ್ಟ್ರೇ,” ಎಂದರು.

“ಹೂಂ, ಬನ್ನಿ,” ಎಂದರು ಡಾಕ್ಟರು, ತಲೆ ಎತ್ತದೆ.

ಭಾವ ಹಿಡಿಕೆ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಮೊದಲು ಬಾಯಿಬಿಟ್ಟವಳು ಚಿಲಕ.

“ಡಾಕ್ಟ್ರೇ, ಎದ್ದು ಹೋಗಿ ಅಂದವರು ನೀವೇ. ಈಗ ಬನ್ನಿ ಅಂತೀರಲ್ಲ. ಇವರು ಹೋಗ್ಬೇಕಾ, ಬರ್ಬೇಕಾ?”

ಡಾಕ್ಟರ ಭುಜ ಅಲುಗಿತು. ಮೊದಲು ಕೆಮ್ಮೆಂದುಕೊಂಡೆ. ಅವರು ಮಾಸ್ಕು ಕೆಳಗೆ ಎಳೆದರು. ನಗುತ್ತಿದ್ದರು.

“ಅಯ್ಯೋ ನನ್ನ ಬಾಯಿಗೆ! ಜೀವಮಾನ ಪೂರ್ತಿ ಜನ ಈ ಕುರ್ಚಿಯಿಂದ ಎದ್ದು ಬರ್ತೀನಿ ಡಾಕ್ಟ್ರೇ ಅಂತಾರೆ. ನಾನೂ ಬನ್ನಿ ಅಂತೀನಿ. ಒಬ್ಬರಿಗಾದರೂ ಬರೋ ಆಸೆ ಇರುತ್ತೇನ್ರೀ? ಓಡ್ತಾರೆ!” ಸ್ಟೂಲಿನಿಂದ ಎದ್ದರು. “ಬಾಯಿತಪ್ಪಿ ಆಡೋನೇ ಇವನು! ಇಷ್ಟು ಫಜೀತಿ ಆದಮೇಲೂ ಅದನ್ನೇ ಅಂದ್ನಲ್ಲ. ಲೆಕ್ಕಾಚಾರದೋನು ಇವತ್ತು, ಇಲ್ಲಿ, ನನ್ನ ಮುಂದೆ ಆ ಮಾತು ಆಡ್ತಾನಾ?”

“ಆಡಬಾರದು ಅಂತಲೇ ಇದ್ವಿ,” ಎಂದರು ಭಾವ ಬೆರಳ ಸಂದಿಯಿಂದ.

“ಸುಮ್ನಿರಿ. ಮತ್ತೆ ಕೆಡಿಸ್ಬೇಡಿ.”

ಡಾಕ್ಟರು ಅಲ್ಲೇ ನಿಂತು ಕಮಿಟಿಯವರಿಗೆ ಫೋನ್ ಮಾಡಿದರು. “ಹುಡುಗಿ ಇರ್ತಾಳೆ. ಆ ಇನ್ನೊಬ್ಬಳಿಗೆ ಬೇಡ ಅಂತ ಹೇಳಿಬಿಡಿ. ಹೇಗೆ ಗೊತ್ತಾ? ಕಣ್ಣಾರೆ ನೋಡಿದೆ. ಸಂಜೆ ಹೇಳ್ತೀನಿ, ಫೋನಲ್ಲಿ ಹೇಳಿದ್ರೆ ರುಚಿ ಇರಲ್ಲ.” ಫೋನಿಟ್ಟು ಚಿಲಕಳ ಕಡೆ ತಿರುಗಿದರು. “ಸಂಜೆ ಬಂದು ಸಹಿ ಹಾಕಮ್ಮಾ. ನಿಮ್ಮಮ್ಮನ ಕಿಟಕಿ ಕಡೆ ಗೋಲಲ್ಲೇ ಎರಡೂ ಅರ್ಧ ನಿಲ್ಲಬೇಕು ಅನ್ನೋದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು.”

ಚಿಲಕ ಏನೂ ಕೇಳಲಿಲ್ಲ. ಬಾಗಿಲಾಚೆಯ ಮೀನಿನ ತೊಟ್ಟಿಯ ಕಡೆ ಹೋಗಿ ಗಾಜಿಗೆ ಹಣೆಯಿಟ್ಟು ನಿಂತಳು. ಅವಳ ಬೆನ್ನು ಮೆಲ್ಲನೆ ಸಡಿಲವಾದದ್ದು ಕಾಣಿಸಿತು.

ಭಾವ ಹೊರಡುವುದರಲ್ಲಿದ್ದರು. ಡಾಕ್ಟರು ಬಿಡಲಿಲ್ಲ. “ಬಂದಿದೀರಿ, ಕೂತ್ಕೊಳ್ಳಿ. ಈ ಬಾಯನ್ನ ಒಂದ್ಸಲ ಒಳಗಿಂದ ನೋಡಲೇಬೇಕು.” ಕನ್ನಡಿ ಹಾಕಿ ನೋಡಿದರು. “ದವಡೆ ಹಲ್ಲು ಒಂದು ಹುಳುಕಾಗಿದೆ. ಮುಂದಿನ ವಾರ ತುಂಬೋಣ. ಬರ್ತೀರಾ?”

“ಬರ್ತೀವಿ.”

“ಇದು ಯಾವ ಬರ್ತೀವಿ?”

ಭಾವ ಯೋಚಿಸಿದರು. “ಓಡೋ ಬರ್ತೀವಿ ಡಾಕ್ಟ್ರೇ,” ಎಂದರು. ಹತ್ತಿಯ ಮುದುಕರು ಬಾಗಿಲ ಸಂದಿಯಲ್ಲಿ ಇಣುಕಿ ನಕ್ಕು, ಹತ್ತಿ ಬೀಳಿಸಿಕೊಂಡರು.

ಕೆಳಗೆ ಬೀದಿಯಲ್ಲಿ ಅದೇ ವರದಿಗಾರ್ತಿ ಮೈಕು ಹಿಡಿದು ಕಾದಿದ್ದಳು. ಯಾರು ಸುಳಿವು ಕೊಟ್ಟರೋ. ಭಾವ ಬಾಯಿ ತೆರೆದರು, ನನ್ನನ್ನು ನೋಡಿದರು, ಬಾಯಿ ಮುಚ್ಚಿ ಪಕ್ಕಕ್ಕೆ ಸರಿದರು. ಡಾಕ್ಟರ ಕುರ್ಚಿಯ ಬದಿಯಿಂದ ಎತ್ತಿಕೊಂಡಿದ್ದ ಕನ್ನಡಕ ನನ್ನ ಚೀಲದಲ್ಲಿತ್ತು. ಕೇಳಲಿಲ್ಲ, ನಾನೂ ಕೊಡಲಿಲ್ಲ. ಮೈಕಿನ ಮುಂದೆ ಬಂದವಳು ಚಿಲಕ.

“ಬರ್ತೀರೋ, ಹೋಗ್ತೀರೋ?” ಎಂದಳು ವರದಿಗಾರ್ತಿ.

“ಇರ್ತೀನಿ,” ಎಂದು ಚಿಲಕ ಸೈಕಲ್ ಹತ್ತಿದಳು.

ಆ ಮಾತಿಗೆ ಯಾರೂ ಡೋಲು ಬಾರಿಸಲಿಲ್ಲ.

ಆಫೀಸಿಗೆ ಬಂದಾಗ ಅಕ್ಕ ಕಿಟಕಿಯಲ್ಲಿ ಕಾದು ನಿಂತಿದ್ದರು. ಭಾವ ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದರು, ಡಾಕ್ಟರ ಪಾತ್ರ, ಮುದುಕರ ಪಾತ್ರ, ಕುರ್ಚಿಯ ಪಾತ್ರವನ್ನೂ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಅಂತೂ ನಿಮ್ಮ ಬಾಯಿ ಒಂದು ಒಳ್ಳೇ ಕೆಲಸ ಮಾಡ್ತು. ಅದೂ ನಿಮಗೆ ಗೊತ್ತಿಲ್ಲದ ಹಾಗೆ.”

ನಾನು ಮೇಜು ಸರಿಮಾಡಿದೆ. ಮೂಲೆಯಲ್ಲಿ ನನ್ನ ಗಂಡನ ಕ್ಯಾಮೆರಾ ಸ್ಟ್ಯಾಂಡು, ಮೇಲೆ ಬಟ್ಟೆ. ಹಾಗೇ ಇರಲಿ ಎಂದುಕೊಂಡೆ. ಅವನು ಮಾತು ತಪ್ಪಿದವನಲ್ಲ. ಹೊರಟಿದ್ದ, ಹೊರಡುವವರು ಹೇಳುವುದನ್ನು ಹೇಳಿದ್ದ.

ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದೆ. ಅಲ್ಲಿ ನಿಂತೆ.

“ಬರ್ತೀನಿ ಅಕ್ಕ.”

ಅಕ್ಕ ತಲೆ ಎತ್ತಿದರು.

“ಹೂಂ, ಬಾ,” ಎಂದರು.

ಮೆಟ್ಟಿಲಿಳಿದೆ. ಕೆಳಗಿನ ಅಂಗಡಿಯಾತ ಕನ್ನಡಕಗಳ ಗಾಜು ಒರೆಸುತ್ತಿದ್ದ. ಬೀದಿಯಲ್ಲಿ ಮಕ್ಕಳು ಇನ್ನೂ ಬರ್ತೀವಿ ಬರ್ತೀವಿ ಎಂದು ಕುಂಟುತ್ತಿದ್ದರು. ಅವರನ್ನು ದಾಟುವಾಗ ನನಗೆ ಹಸಿವಾಗಿರುವುದು ಗೊತ್ತಾಯಿತು.